ಟೆಂಡರ್ ಆನ್‌ಲೈನ್, ತಕರಾರು ಮಾತ್ರ ಮಂಡಿ ಕಟ್ಟೆಯ ಮೇಲೆ

ದಿನಾ ಸಂಜೆ ನಾನು ಡೆಸ್ಕ್‌ಗೆ ಕಳಿಸುವ ಅತಿ ಚಿಕ್ಕ ಸುದ್ದಿ ಅಡಿಕೆ ಧಾರಣೆ. ಸರಕು, ಬೆಟ್ಟೆ, ರಾಶಿ, ಗೊರಬಲು. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ನಮ್ಮ ಜಿಲ್ಲೆಯ ಓದುಗರು ಪತ್ರಿಕೆ ಬಿಡಿಸಿದ ತಕ್ಷಣ ಹುಡುಕುವುದೂ ಅದನ್ನೇ. ಇಷ್ಟು ವರ್ಷ ಕಳಿಸಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕಾಗಿದೆ. ಅದು ಟೆಂಡರ್‌ನಲ್ಲಿ ಬಿದ್ದ ಬೆಲೆ, ರೈತನ ಕೈಗೆ ಬಂದ ಬೆಲೆಯಲ್ಲ. ಎರಡರ ನಡುವೆ ಏನು ನಡೆಯಿತು ಎಂದು ನಾನೂ ಬರೆದಿಲ್ಲ, ಎಪಿಎಂಸಿಯ ಬೋರ್ಡಿನಲ್ಲೂ ಇರುವುದಿಲ್ಲ.

ಭದ್ರಾವತಿ ತಾಲ್ಲೂಕಿನ ಬೆಳೆಗಾರರೊಬ್ಬರು ಹೇಳಿದ್ದು ಇದು. ತಮ್ಮ ಹೆಸರು ಬೇಡ, ಮಂಡಿಯ ಹೆಸರೂ ಬೇಡ ಎಂದರು. ಎಂಟು ಕ್ವಿಂಟಲ್ ರಾಶಿ ತಂದಿದ್ದರು. ಟೆಂಡರ್ ಆಯಿತು, ಬೆಲೆ ಒಪ್ಪಿಗೆಯಾಯಿತು. ತೂಕದ ಹೊತ್ತಿಗೆ ಖರೀದಿದಾರನ ಕಡೆಯ ಹುಡುಗ ಚೀಲಕ್ಕೆ ಕೈಹಾಕಿ, "ಒಳಗೆ ಹಸಿ ಇದೆ, ಸ್ಯಾಂಪಲ್ ಥರ ಇಲ್ಲ, ಕ್ವಿಂಟಲ್‌ಗೆ ಸಾವಿರ ಕಮ್ಮಿ ಮಾಡಿ" ಅಂದ. ದಲ್ಲಾಳಿ ನಡುವೆ ಬಂದು ಐನೂರಕ್ಕೆ ಪಂಚಾಯ್ತಿ ಮುಗಿಸಿದ. ನಾಲ್ಕು ಸಾವಿರ ರೂಪಾಯಿ ಹೋಯಿತು. "ದೂರು ಕೊಡ್ಲಿಲ್ವಾ ಅಣ್ಣ?" ಎಂದೆ. "ಯಾರಿಗೆ ಕೊಡ್ಲಿ ಮಾರಾಯ? ಮಗಳ ಮದುವೆಗೆ ಅವ್ರ ಹತ್ರಾನೇ ದುಡ್ಡು ತಂದಿದೀನಿ" ಎಂದರು.

ಆ ದಿನದ ಧಾರಣೆ ಪಟ್ಟಿಯಲ್ಲಿ ಅವರ ಲಾಟ್‌ನ ಬೆಲೆ ಟೆಂಡರ್‌ನಲ್ಲಿ ಬಿದ್ದಷ್ಟೇ ಇತ್ತು. ಅದನ್ನು ಕಳಿಸಿದವನು ನಾನೇ.

ಆನ್‌ಲೈನ್ ಟೆಂಡರ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜೊತೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಕಂಪನಿ ಮಾಡಿತು, ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ದೇಶದಲ್ಲೇ ಇದು ಮೊದಲು ಎಂದು ಹೊಗಳಿಸಿಕೊಂಡೆವು. ಕೇಂದ್ರದ ಇ-ನಾಮ್ ಶುರುವಾಗಿದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು. ಚೀಟಿ ಬರೆದು ಡಬ್ಬಿಗೆ ಹಾಕುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ಮೇಲು. ಯಾರು ಎಷ್ಟು ಬರೆದರು ಎಂಬುದಕ್ಕೆ ದಾಖಲೆ ಉಂಟು. ಬೆಲೆ ಹಿಡಿಸದಿದ್ದರೆ ಕೊಡುವುದಿಲ್ಲ ಎನ್ನುವ ಹಕ್ಕೂ ರೈತನಿಗೆ ಉಂಟು.

ಆದರೆ ಕಂಪ್ಯೂಟರ್‌ಗೆ ಹೋಗಿದ್ದು ಬೆಲೆ ಮಾತ್ರ. ಜಗಳ ಹುಟ್ಟುವುದು ಬೆಲೆ ಬರೆಯುವಾಗ ಅಲ್ಲ, ಅದರ ಆಮೇಲೆ. ಹಸಿ, ಬೆರಕೆ, ಬಣ್ಣ ಎಂಬ ತಕರಾರು, ತೂಕದ ತಕರಾರು, ದುಡ್ಡು ಯಾವತ್ತು ಎಂಬ ತಕರಾರು. ಈ ಮೂರೂ ಇವತ್ತಿಗೂ ತೀರ್ಮಾನವಾಗುವುದು ಮಂಡಿ ಕಟ್ಟೆಯ ಮೇಲೆ, ಬಾಯಿಮಾತಿನಲ್ಲಿ, ದಲ್ಲಾಳಿಯ ಸಮಕ್ಷಮದಲ್ಲಿ. ಆ ದಲ್ಲಾಳಿ ರೈತನಿಗೆ ಸಾಲ ಕೊಟ್ಟವನು. ದಿನಬೆಳಗಾದರೆ ಅದೇ ಖರೀದಿದಾರನಿಗೆ ಮಾಲು ಕೊಡಬೇಕಾದವನು. ಇಂಥವನು ನ್ಯಾಯ ಹೇಳಿದರೆ ಅದು ಯಾವ ಕಡೆ ವಾಲುತ್ತದೆ ಎಂದು ತಿಳಿಯಲು ಜರ್ನಲಿಸಂ ಡಿಪ್ಲೊಮಾ ಬೇಕಿಲ್ಲ.

"ದೂರುಗಳೇ ಬರುವುದಿಲ್ಲ, ಎಲ್ಲ ಸೌಹಾರ್ದಯುತವಾಗಿದೆ" ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಕೇಳಿದ್ದನ್ನು ಹಾಗೇ ಬರೆದೂ ಇದ್ದೇನೆ. ದೂರು ಬರುವುದಿಲ್ಲ ಎಂದರೆ ತಕರಾರು ಇಲ್ಲ ಎಂದಲ್ಲ. ಟೆಂಪೊ ಬಾಡಿಗೆ ಕೊಟ್ಟು, ಹಮಾಲಿ ಕೊಟ್ಟು ಮಾಲು ಇಳಿಸಿದವನು ಅದನ್ನು ವಾಪಸ್ ಒಯ್ಯಲಾರ. ಸಾಲ ಇರುವವನು ಬಾಯಿ ಬಿಡಲಾರ. ಮಾರುಕಟ್ಟೆಯೊಳಗಿನ ವ್ಯಾಜ್ಯ ಬಗೆಹರಿಸುವ ಹೊಣೆಯನ್ನು ಎಪಿಎಂಸಿ ಕಾಯ್ದೆ ಮಾರುಕಟ್ಟೆ ಸಮಿತಿಗೆ ವಹಿಸಿದೆ. ಆ ಹೊಣೆ ಬಾಗಿಲು ತೆರೆದು ಕೂತರೆ ಸಾಲದು, ರೈತ ಆ ಬಾಗಿಲಿಗೆ ಹೋಗುವಂತಿರಬೇಕು.

ಈಗ ಇನ್ನೊಂದು ಕಡೆ ನೋಡಿ. ಶಿವಮೊಗ್ಗದ ವಿನೋಬನಗರದಲ್ಲಿ ಕೂತು ನೀವು ಮುನ್ನೂರು ರೂಪಾಯಿಯ ಹೆಡ್‌ಫೋನ್ ಆನ್‌ಲೈನ್‌ನಲ್ಲಿ ತರಿಸಿದಿರಿ, ಅದು ಕೆಟ್ಟಿತ್ತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಗೆ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು. 48 ಗಂಟೆಯೊಳಗೆ ನಿಮ್ಮ ದೂರು ಸಿಕ್ಕಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದೇ ಬಡಾವಣೆಯ ಪಕ್ಕದ ಸಾಗರ ರಸ್ತೆಯ ಯಾರ್ಡ್‌ನಲ್ಲಿ ಆನ್‌ಲೈನ್ ಟೆಂಡರ್‌ಗೆ ಲಕ್ಷಾಂತರ ರೂಪಾಯಿಯ ಅಡಿಕೆ ಇಟ್ಟವನಿಗೆ ಈ ನಿಯಮ ಅನ್ವಯಿಸದು. ಯಾಕೆಂದರೆ ಅವನು ಕೊಳ್ಳುವವನಲ್ಲ, ಮಾರುವವನು. ಗ್ರಾಹಕ ಕಾನೂನು ಕೊಳ್ಳುವವನಿಗೆ ಇರುವುದು.

ಆನ್‌ಲೈನ್ ಹರಾಜನ್ನು ಜಗತ್ತಿಗೆ ಕಲಿಸಿದ ಇಬೇ ಕಂಪನಿ 1995ರಲ್ಲಿ ಶುರುವಾಯಿತು. ಜನ ಒಳ್ಳೆಯವರು, ತಾವೇ ಸರಿಮಾಡಿಕೊಳ್ಳುತ್ತಾರೆ ಎಂದು ಮೊದಲು ಅವರೂ ನಂಬಿದ್ದರು. ನಂಬಿಕೆ ಸಾಲಲಿಲ್ಲ. 1999ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಸುಮಾರು 200 ವ್ಯಾಜ್ಯಗಳನ್ನು ಆನ್‌ಲೈನ್‌ನಲ್ಲೇ ಮಧ್ಯಸ್ಥಿಕೆಯಿಂದ ಬಗೆಹರಿಸುವ ಪ್ರಯೋಗ ಮಾಡಿದರು. ಮುಂದೆ ವರ್ಷಕ್ಕೆ 6 ಕೋಟಿ ವ್ಯಾಜ್ಯಗಳನ್ನು ನೋಡುವ ವ್ಯವಸ್ಥೆಯಾಗಿ ಅದು ಬೆಳೆಯಿತು. ಹರಾಜು ನಡೆಸುವವನೇ ಜಗಳ ಬಿಡಿಸುವ ಕೆಲಸವನ್ನೂ ಮಾಡಬೇಕು ಎಂಬುದು ಅವರು ಕಲಿತ ಪಾಠ. ಒಂದು ವ್ಯತ್ಯಾಸ ನೆನಪಿರಲಿ. ಅಲ್ಲಿ ಕೊಳ್ಳುವವನು ಮೊದಲು ದುಡ್ಡು ಕೊಟ್ಟು ವಸ್ತುವಿಗೆ ಕಾಯುತ್ತಾನೆ. ನಮ್ಮಲ್ಲಿ ಮಾರುವವನು ಮೊದಲು ಮಾಲು ಕೊಟ್ಟು ದುಡ್ಡಿಗೆ ಕಾಯುತ್ತಾನೆ. ಕಾಯುವವನಿಗೆ ರಕ್ಷಣೆ ಕೊಡಬೇಕು ಎಂಬುದು ತತ್ವವಾದರೆ, ಇಲ್ಲಿ ಅದು ರೈತನಿಗೆ ಸಲ್ಲಬೇಕು.

ನ್ಯಾಯ ಹೇಳುವ ಜಾಗ ದೂರವಾದಷ್ಟೂ ರೈತ ನಂಬುವುದಿಲ್ಲ ಎಂಬುದಕ್ಕೂ ಉದಾಹರಣೆ ಇದೆ. 2020ರ ಕೇಂದ್ರದ ವ್ಯಾಪಾರ ಕಾಯ್ದೆಯಲ್ಲಿ ತಕರಾರುಗಳನ್ನು ಉಪವಿಭಾಗಾಧಿಕಾರಿ ಬಳಿ ಒಯ್ಯಬೇಕಿತ್ತು, ಸಿವಿಲ್ ಕೋರ್ಟ್‌ಗೆ ಹೋಗುವಂತಿರಲಿಲ್ಲ. ರೈತ ಸಂಘಟನೆಗಳು ವಿರೋಧಿಸಿದ ಅಂಶಗಳಲ್ಲಿ ಇದೂ ಒಂದು. 2021ರ ನವೆಂಬರ್‌ನಲ್ಲಿ ಕಾಯ್ದೆಯೇ ಹೋಯಿತು. ಇನ್ನು ಬ್ಯಾಡಗಿ ನೆನಪಿಸಿಕೊಳ್ಳಿ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿಯಿತೆಂದು ರೊಚ್ಚಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಅದನ್ನು ಸಮರ್ಥಿಸುವ ಮಾತಿಲ್ಲ. ಆದರೆ ಅನುಮಾನ ಬಂದ ಗಳಿಗೆಯಲ್ಲಿ "ಇದು ಹೀಗೇಕಾಯಿತು" ಎಂದು ಕೇಳಿ ಅಲ್ಲೇ ಉತ್ತರ ಪಡೆಯುವ ಜಾಗ ಇಲ್ಲದಿದ್ದರೆ ಸಿಟ್ಟು ಬೇರೆ ದಾರಿ ಹುಡುಕುತ್ತದೆ.

ವರ್ತಕರ ಮಾತಿನಲ್ಲೂ ಸತ್ಯವಿದೆ. ಚೀಲದ ಬಾಯಿಗೆ ಒಳ್ಳೆಯದಿಟ್ಟು ತಳದಲ್ಲಿ ಬೆರಕೆ ತುಂಬುವ ಬೆಳೆಗಾರರು, ಖೇಣಿದಾರರು ಇಲ್ಲವೇ? ಇದ್ದಾರೆ. "ಅಡಿಕೆ ಅಂದ್ರೆ ಮೊಬೈಲ್ ಅಲ್ಲ, ಕೈಗೆ ಹತ್ತಿದ ಮೇಲೇ ಗೊತ್ತಾಗೋದು" ಎಂಬ ಅವರ ಮಾತೂ ಸರಿಯೇ. ಹಾಗಾದರೆ ಕೈಗೆ ಹತ್ತಿದ್ದು ಏನು ಎಂಬುದಕ್ಕೆ ಸಾಕ್ಷಿ ಇಟ್ಟುಕೊಳ್ಳೋಣ. ಮೋಸ ಮಾಡಿದ ರೈತ ಸಿಕ್ಕಿಬೀಳಲಿ, ಮಾಡದವನು ಉಳಿಯಲಿ.

ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಒಂದು, ಟೆಂಡರ್‌ಗೆ ಮೊದಲೇ ಮಾರುವವನ ಎದುರು ಸ್ಯಾಂಪಲ್ ತೆಗೆದು ಮೂರು ಕವರ್‌ಗೆ ಸೀಲ್ ಹಾಕಿ. ರೈತನಿಗೊಂದು, ಖರೀದಿದಾರನಿಗೊಂದು, ಸಮಿತಿಗೊಂದು. ತೇವಾಂಶವನ್ನು ಯಂತ್ರದಲ್ಲಿ ಅಳೆದು ಲಾಟ್ ನಂಬರ್ ಜೊತೆಗೇ ಬರೆಯಿರಿ. ಎರಡು, ಟೆಂಡರ್ ಆದ ಮೇಲೆ ಬೆಲೆ ಒಂದು ರೂಪಾಯಿ ಇಳಿದರೂ ಅದು ಸಾಫ್ಟ್‌ವೇರ್‌ನಲ್ಲಿ ಏರಬೇಕು. ಯಾರು ಇಳಿಸಿದರು, ಯಾವ ಕಾರಣಕ್ಕೆ, ಎಷ್ಟು ಹೊತ್ತಿಗೆ ಎಂಬುದೂ ಇರಬೇಕು. ಲೆಕ್ಕತಿರುವಳಿ ಪಟ್ಟಿಯಲ್ಲಿ ಎರಡೂ ಬೆಲೆ ಅಚ್ಚಾಗಲಿ. ಮೂರು, ದುಡ್ಡು ರೈತನ ಖಾತೆಗೆ ಬಿದ್ದ ದಾಖಲೆ ಇಲ್ಲದೆ ಲಾರಿ ಗೇಟ್ ದಾಟಬಾರದು. ನಾಲ್ಕು, ತಕರಾರಿನ ತೀರ್ಪು ಅದೇ ಸಂಜೆಯೊಳಗೆ, ಬರಹದಲ್ಲಿ. ಆ ರೈತನಿಗೆ ಸಾಲ ಕೊಟ್ಟವನು, ಆ ಲಾಟ್ ಕೊಂಡವನು ತೀರ್ಪಿಗೆ ಕೂರಬಾರದು.

"ಇಷ್ಟು ಬಿಗಿ ಮಾಡಿದರೆ ವ್ಯಾಪಾರ ಯಾರ್ಡ್‌ನಿಂದ ಹೊರಗೆ ಹೋಗುತ್ತೆ" ಎಂದು ಹೆದರಿಸುತ್ತಾರೆ. ತೋಟದ ಬಾಗಿಲಿಗೇ ಬಂದು ಕೊಳ್ಳುವವರು ಈಗಲೂ ಇದ್ದಾರೆ. ಹಾಗಿದ್ದೂ ರೈತ ಬಾಡಿಗೆ ಕೊಟ್ಟು ಯಾರ್ಡ್‌ಗೆ ಬರುವುದು ಇಲ್ಲಿ ಕೇಳುವವರಿದ್ದಾರೆ ಎಂಬ ಭರವಸೆಯಿಂದ. ಆ ಭರವಸೆಯೂ ಇಲ್ಲದಿದ್ದರೆ ಅವನೇಕೆ ಬರಬೇಕು?

ಕೊನೆಯ ಮಾತು ನಮಗೆ, ಈ ಬ್ಲಾಗ್‌ನಲ್ಲಿ ಬರೆಯುವ ಸ್ಟ್ರಿಂಗರ್‌ಗಳಿಗೆ. ಮುಂದಿನ ತಿಂಗಳಿಂದ ನಾನು ಶಿವಮೊಗ್ಗ, ಭದ್ರಾವತಿ ಎರಡೂ ಸಮಿತಿಗಳಿಗೆ ಎರಡೇ ಪ್ರಶ್ನೆ ಕೇಳುತ್ತೇನೆ. ಈ ತಿಂಗಳು ಎಷ್ಟು ತಕರಾರು ಬಂದವು, ಎಷ್ಟು ಬಗೆಹರಿದವು? ಮಾಹಿತಿ ಇಲ್ಲ ಎಂದರೆ ಅದನ್ನೇ ಬರೆಯುತ್ತೇನೆ. ತಿಪಟೂರು, ಬ್ಯಾಡಗಿ, ಕಲಬುರಗಿಯ ಗೆಳೆಯರೂ ಕೇಳಿ. ಗರಿಷ್ಠ ಧಾರಣೆ ಬರೆಯುವುದು ಸುಲಭ, ಅದಕ್ಕೆ ಯಾರೂ ಬೇಜಾರಾಗುವುದಿಲ್ಲ. ಎಂಟು ಕ್ವಿಂಟಲ್‌ನ ಆ ನಾಲ್ಕು ಸಾವಿರ ರೂಪಾಯಿ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ಬರೆಯಬೇಕಾದವರು ನಾವು.