ಮೂತ್ರಪಿಂಡ ಸಂಶೋಧನೆ: ಸುಧಾರಿಸಿದ್ದು ಅಂಕಿಯೋ, ರೋಗಿಯೋ?

ಮೂತ್ರಪಿಂಡ ರೋಗಕ್ಕೆ ಹೊಸ ಔಷಧ ಬಂತೆಂಬ ಸುದ್ದಿ ಈಗ ಅಪರೂಪವಲ್ಲ. ಐಜಿಎ ನೆಫ್ರೋಪತಿ ಎಂಬ ಒಂದೇ ಕಾಯಿಲೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2021ರ ಡಿಸೆಂಬರ್‌ನಲ್ಲಿ ಬುಡೆಸೊನೈಡ್‌ನ ವಿಶೇಷ ರೂಪಕ್ಕೆ, 2023ರ ಫೆಬ್ರುವರಿಯಲ್ಲಿ ಸ್ಪಾರ್ಸೆಂಟನ್‌ಗೆ, 2024ರ ಆಗಸ್ಟ್‌ನಲ್ಲಿ ಇಪ್ಟಕೋಪಾನ್‌ಗೆ ತ್ವರಿತ ಅನುಮೋದನೆ ನೀಡಿತು. ಮೂರಕ್ಕೂ ಆಧಾರವಾದದ್ದು ಒಂದೇ ಅಂಶ: ಮೂತ್ರದಲ್ಲಿ ಸೋರಿಹೋಗುವ ಪ್ರೋಟೀನಿನ ಪ್ರಮಾಣ ಇಳಿದಿತ್ತು. ರೋಗಿಗೆ ಡಯಾಲಿಸಿಸ್ ತಪ್ಪುವುದೇ, ಆಯುಸ್ಸು ಹೆಚ್ಚುವುದೇ ಎಂಬುದು ಆ ಹೊತ್ತಿಗೆ ಸಾಬೀತಾಗಿರಲಿಲ್ಲ.

ಈ ಪದ್ಧತಿಗೆ ಕಾರಣವಿಲ್ಲದಿಲ್ಲ. ಮೂತ್ರಪಿಂಡ ನಿಧಾನವಾಗಿ ಸೋಲುವ ಅಂಗ. ಎಷ್ಟು ರೋಗಿಗಳು ಡಯಾಲಿಸಿಸ್ ಹಂತ ಮುಟ್ಟಿದರು ಎಂದು ಎಣಿಸಲು ಹತ್ತಾರು ವರ್ಷ ಕಾಯಬೇಕಾದೀತು. ಆದ್ದರಿಂದ ಸಂಶೋಧಕರು ಪ್ರಯೋಗಾಲಯದ ಅಂಕಿಯೊಂದನ್ನು ರೋಗಿಯ ಭವಿಷ್ಯಕ್ಕೆ ಪ್ರತಿನಿಧಿಯಾಗಿ ಇಟ್ಟುಕೊಳ್ಳುತ್ತಾರೆ. ಆದರೆ ಪ್ರತಿನಿಧಿ ಯಾವಾಗಲೂ ನಂಬಿಗಸ್ಥನಾಗಿರುವುದಿಲ್ಲ. ಇದಕ್ಕೆ ಮೂತ್ರಪಿಂಡ ವೈದ್ಯಶಾಸ್ತ್ರದಲ್ಲಿರುವಷ್ಟು ದುಬಾರಿ ನಿದರ್ಶನಗಳು ಬೇರೆಡೆ ಕಡಿಮೆ.

ಎರಿತ್ರೊಪೊಯೆಟಿನ್ ಪ್ರಕರಣವನ್ನೇ ನೋಡಬಹುದು. ಕೆಂಪು ರಕ್ತಕಣಗಳ ಉತ್ಪಾದನೆಗೆ ಪ್ರಚೋದನೆ ನೀಡುವ ಈ ಹಾರ್ಮೋನನ್ನು ತಯಾರಿಸುವುದು ಮುಖ್ಯವಾಗಿ ಮೂತ್ರಪಿಂಡ. ಅದು ಕೆಟ್ಟಾಗ ರಕ್ತಹೀನತೆ ಬರುತ್ತದೆ. ಜೈವಿಕ ತಂತ್ರಜ್ಞಾನದಿಂದ ತಯಾರಿಸಿದ ಎರಿತ್ರೊಪೊಯೆಟಿನ್ 1989ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ, ಪದೇ ಪದೇ ರಕ್ತ ಪಡೆಯುತ್ತಿದ್ದ ಡಯಾಲಿಸಿಸ್ ರೋಗಿಗಳಿಗೆ ಅದು ನಿಜಕ್ಕೂ ವರದಾನವಾಯಿತು. ಅನಾಹುತ ಆರಂಭವಾದದ್ದು ಮುಂದಿನ ತರ್ಕದಿಂದ. ಹಿಮೋಗ್ಲೋಬಿನ್ ಹೆಚ್ಚಿರುವ ಡಯಾಲಿಸಿಸ್ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆಂದು ಆಸ್ಪತ್ರೆಯ ದಾಖಲೆಗಳು ಹೇಳುತ್ತಿದ್ದವು. ಹಾಗಾದರೆ ಎಲ್ಲರ ಹಿಮೋಗ್ಲೋಬಿನ್ನನ್ನೂ ಆರೋಗ್ಯವಂತರ ಮಟ್ಟಕ್ಕೆ ಏರಿಸಿದರೆ ಎಲ್ಲರೂ ಹೆಚ್ಚು ಬದುಕಬೇಕಲ್ಲವೇ? ದೇಹ ಗಟ್ಟಿಯಾಗಿರುವವರಲ್ಲಿ ಹಿಮೋಗ್ಲೋಬಿನ್ ತಾನಾಗಿಯೇ ಹೆಚ್ಚಿರುತ್ತದೆ, ಅವರು ಹೆಚ್ಚು ಬದುಕಲು ಆ ಗಟ್ಟಿತನವೇ ಕಾರಣವಿರಬಹುದು ಎಂಬ ಸರಳ ಸಂಶಯ ಈ ಉತ್ಸಾಹದಲ್ಲಿ ಹಿಂದೆ ಸರಿಯಿತು.

ತರ್ಕವನ್ನು ಪರೀಕ್ಷೆಗೆ ಒಡ್ಡಿದ ಮೊದಲ ದೊಡ್ಡ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹೃದ್ರೋಗವೂ ಇದ್ದ 1,233 ಡಯಾಲಿಸಿಸ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಗಿತ್ತು. ರಕ್ತದಲ್ಲಿ ಕೆಂಪು ಕಣಗಳ ಪಾಲನ್ನು ಒಂದು ಗುಂಪಿನಲ್ಲಿ ಶೇ 42ಕ್ಕೆ ಏರಿಸುವುದು, ಇನ್ನೊಂದರಲ್ಲಿ ಶೇ 30ರಲ್ಲಿ ಇರಿಸುವುದು ಗುರಿ. ಅಂಕಿ ‘ಸರಿ’ಯಾದ ಗುಂಪಿನಲ್ಲಿ 183 ಸಾವು, ಇನ್ನೊಂದರಲ್ಲಿ 150. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಅಪಾಯ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಖಚಿತವಾಗಿಲ್ಲ ಎಂಬ ಅಂಶವೇ ದೊಡ್ಡದಾಯಿತು. ಔಷಧದ ಬಳಕೆ ತಗ್ಗಲಿಲ್ಲ. ಹೆಚ್ಚಿನ ಗುರಿಯಿಂದ ರೋಗಿಗಳ ದೈಹಿಕ ಚಟುವಟಿಕೆ ಸುಧಾರಿಸಿತೆಂದು ಅದೇ ಪ್ರಬಂಧ ಹೇಳಿತ್ತು. ಎಫ್‌ಡಿಎಗೆ ಸಲ್ಲಿಕೆಯಾಗಿದ್ದ ಮೂಲ ವರದಿಯನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಮರುಪರಿಶೀಲನೆ, ಅಂಥ ಸುಧಾರಣೆ ಇರಲಿಲ್ಲವೆಂದಿತು. ನಡುವೆ ಹದಿನಾಲ್ಕು ವರ್ಷ ಕಳೆದಿದ್ದವು.

ಆ ಅವಧಿಯಲ್ಲಿ ಹಣದ ಪಾತ್ರವನ್ನೂ ಮರೆಯುವಂತಿಲ್ಲ. 2011ರವರೆಗೆ ಅಮೆರಿಕದ ಸರ್ಕಾರಿ ವಿಮೆ ‘ಮೆಡಿಕೇರ್’ ಈ ಔಷಧಕ್ಕೆ ಡಯಾಲಿಸಿಸ್ ಕೇಂದ್ರಗಳಿಗೆ ಪ್ರತ್ಯೇಕವಾಗಿ ಪಾವತಿಸುತ್ತಿತ್ತು. ಹೆಚ್ಚು ಚುಚ್ಚಿದಷ್ಟೂ ಹೆಚ್ಚು ಆದಾಯ. 2006ರಲ್ಲಿ ಪ್ರಕಟವಾದ ‘ಕಾಯರ್’ ಅಧ್ಯಯನದ 1,432 ರೋಗಿಗಳಲ್ಲೂ ಹಿಮೋಗ್ಲೋಬಿನ್ ಗುರಿ 13.5 ಇದ್ದವರಿಗೆ, 11.3 ಇದ್ದವರಿಗಿಂತ ಸಾವು ಮತ್ತು ಹೃದಯ ಸಂಬಂಧಿ ಆಘಾತ ಹೆಚ್ಚಾಗಿದ್ದವು. 2007ರಲ್ಲಿ ಎಫ್‌ಡಿಎ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿತು. ಕೊನೆಗೆ 2009ರಲ್ಲಿ ಬಂದ ‘ಟ್ರೀಟ್’ ಅಧ್ಯಯನ 4,038 ಮಧುಮೇಹಿ ರೋಗಿಗಳಲ್ಲಿ ಇದೇ ವರ್ಗದ ಡಾರ್ಬೆಪೊಯೆಟಿನ್ ಔಷಧವನ್ನು ಔಷಧವಿಲ್ಲದ ಹುಸಿ ಚುಚ್ಚುಮದ್ದಿಗೆ ಹೋಲಿಸಿತು. ಹಿಮೋಗ್ಲೋಬಿನ್ ಏರಿತು. ಸಾವು, ಹೃದಯಾಘಾತ, ಡಯಾಲಿಸಿಸ್ ತಗ್ಗಲಿಲ್ಲ. ಪಾರ್ಶ್ವವಾಯು ಮಾತ್ರ ಸುಮಾರು ಇಮ್ಮಡಿಯಾಯಿತು: 53 ಮಂದಿಗೆ ಎದುರಾಗಿ 101. ಔಷಧ ಇಂದಿಗೂ ಬಳಕೆಯಲ್ಲಿದೆ, ಬಳಕೆಯಲ್ಲಿರಬೇಕಾದದ್ದೂ ಹೌದು. ಬಿದ್ದುಹೋದದ್ದು ಅಂಕಿಯನ್ನು ‘ಸಹಜ’ಕ್ಕೆ ತರಬೇಕೆಂಬ ಹಟ.

ಮೂತ್ರದ ಪ್ರೋಟೀನಿನ ಕಥೆಯೂ ಇದಕ್ಕೆ ಹತ್ತಿರದ್ದೇ. ಎರಡು ವರ್ಗದ ರಕ್ತದೊತ್ತಡ ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಮೂತ್ರಪಿಂಡಕ್ಕೆ ಇಮ್ಮಡಿ ರಕ್ಷಣೆ ಎಂದು 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಜಪಾನಿನ ‘ಕೋಆಪರೇಟ್’ ಅಧ್ಯಯನ ಸಾರಿತು. ರೋಗಿಗಳು ಕೇವಲ 263. ವೈದ್ಯರು ಜೋಡಿ ಔಷಧ ಬರೆಯತೊಡಗಿದರು. ಅಧ್ಯಯನದ ಅಂಕಿಗಳು ಪರಸ್ಪರ ಹೊಂದುತ್ತಿಲ್ಲವೆಂದು ಬೇರೆ ಸಂಶೋಧಕರು ಎತ್ತಿ ತೋರಿದ ಬಳಿಕ, 2009ರಲ್ಲಿ ಪತ್ರಿಕೆ ಆ ಪ್ರಬಂಧವನ್ನೇ ಹಿಂಪಡೆಯಿತು. ಅಷ್ಟರಲ್ಲಿ, 2008ರಲ್ಲಿ, 25,620 ಮಂದಿಯ ‘ಆನ್‌ಟಾರ್ಗೆಟ್’ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತ್ತು: ಜೋಡಿ ಔಷಧದಿಂದ ಪ್ರೋಟೀನ್ ಸೋರಿಕೆ ಇಳಿಯಿತು, ಮೂತ್ರಪಿಂಡದ ಸ್ಥಿತಿ ಮಾತ್ರ ಹದಗೆಟ್ಟಿತು. ಸ್ಪಾರ್ಸೆಂಟನ್ ವಿಷಯದಲ್ಲಿಯೂ, ಎಫ್‌ಎಸ್‌ಜಿಎಸ್ ಎಂಬ ಇನ್ನೊಂದು ಕಾಯಿಲೆಯ 371 ರೋಗಿಗಳ ‘ಡ್ಯೂಪ್ಲೆಕ್ಸ್’ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ಪ್ರೋಟೀನ್ ಇಳಿದಿತ್ತಾದರೂ 108 ವಾರಗಳಲ್ಲಿ ಮೂತ್ರಪಿಂಡದ ಶೋಧನಾ ಶಕ್ತಿ ಕುಂದುವ ವೇಗದಲ್ಲಿ ಹಳೆಯ ಔಷಧಕ್ಕಿಂತ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಐಜಿಎ ನೆಫ್ರೋಪತಿಯಲ್ಲಿ ಅದೇ ಔಷಧಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಪೂರ್ಣ ಅನುಮೋದನೆ ದೊರೆಯಿತು. ಅಂದರೆ ಒಂದು ಕಾಯಿಲೆಯಲ್ಲಿ ಸಲ್ಲುವ ಪ್ರತಿನಿಧಿ ಇನ್ನೊಂದರಲ್ಲಿ ಸಲ್ಲದೆ ಹೋಗಬಹುದು.

ಹಾಗೆಂದು ಎಲ್ಲ ಸಂಶೋಧನೆಯನ್ನೂ ಅನುಮಾನಿಸುವುದು ಇನ್ನೊಂದು ಅತಿರೇಕ. ಮಧುಮೇಹಕ್ಕೆಂದು ಬಂದ ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನು ಮೂತ್ರಪಿಂಡ ರೋಗಿಗಳಲ್ಲಿ ಪರೀಕ್ಷಿಸಿದ, ಭಾರತದ ಕೇಂದ್ರಗಳೂ ಪಾಲ್ಗೊಂಡಿದ್ದ ‘ಡಾಪಾ-ಸಿಕೆಡಿ’ ಅಧ್ಯಯನ (2020) ಎಣಿಸಿದ್ದು ರೋಗಿಗೆ ನಿಜಕ್ಕೂ ಮುಖ್ಯವಾದವನ್ನೇ: ಮೂತ್ರಪಿಂಡದ ಶಕ್ತಿ ಅರ್ಧಕ್ಕಿಳಿಯುವುದು, ಪೂರ್ಣ ವೈಫಲ್ಯ, ಮೂತ್ರಪಿಂಡ ಅಥವಾ ಹೃದಯದ ಕಾರಣದ ಸಾವು. 4,304 ರೋಗಿಗಳಲ್ಲಿ ಮೂರನೇ ಒಂದರಷ್ಟು ಮಂದಿಗೆ ಮಧುಮೇಹವೇ ಇರಲಿಲ್ಲ. ಸುದ್ದಿಗಳಲ್ಲಿ ಬಂದದ್ದು ‘ಅಪಾಯ ಶೇ 39ರಷ್ಟು ಇಳಿಕೆ’ ಎಂದು. ಅದು ಸುಳ್ಳಲ್ಲ, ಪೂರ್ಣವೂ ಅಲ್ಲ. ಸುಮಾರು ಎರಡೂವರೆ ವರ್ಷದಲ್ಲಿ ಮಾತ್ರೆ ಪಡೆಯದವರಲ್ಲಿ ಶೇ 14.5ರಷ್ಟು, ಪಡೆದವರಲ್ಲಿ ಶೇ 9.2ರಷ್ಟು ಮಂದಿ ಈ ದುಷ್ಪರಿಣಾಮಕ್ಕೆ ಒಳಗಾದರು. ಹತ್ತೊಂಬತ್ತು ಮಂದಿ ಅಷ್ಟು ಕಾಲ ಮಾತ್ರೆ ನುಂಗಿದರೆ ಒಬ್ಬರಿಗೆ ಅದು ತಪ್ಪುತ್ತದೆ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಇದು ಉತ್ತಮ ಫಲಿತಾಂಶ. ‘ಶೇ 39’ ಹುಟ್ಟಿಸುವ ನಿರೀಕ್ಷೆ ಮಾತ್ರ ಬೇರೆ. ಇದೇ ವರ್ಗದ ಎಂಪಾಗ್ಲಿಫ್ಲೋಜಿನ್ ಕುರಿತು 6,609 ರೋಗಿಗಳ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಸ್ವತಂತ್ರ ಅಧ್ಯಯನವೂ ಅದೇ ದಿಕ್ಕಿನ ಫಲ ನೀಡಿತು. ಕೋಆಪರೇಟ್‌ಗೆ ದೊರೆಯದೆ ಹೋದದ್ದು ಇಂಥ ಸಮರ್ಥನೆಯೇ.

ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿದ ಮೇಲೆ ದೇಶೀ ಕಂಪನಿಗಳ ಅಗ್ಗದ ಮಾತ್ರೆಗಳು ಬಂದಿದ್ದು, ಬೆಂಗಳೂರು, ಹುಬ್ಬಳ್ಳಿಯ ಔಷಧದಂಗಡಿಗಳಲ್ಲೂ ಸುಲಭವಾಗಿ ದೊರೆಯುತ್ತಿವೆ. ಬೆಲೆ ಇಳಿದಾಗ ಬಳಕೆ ಅಧ್ಯಯನದ ಗಡಿ ದಾಟುವುದು ಸಹಜ. ಆದರೆ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಆನುವಂಶಿಕ ಕಾಯಿಲೆಯವರು, ಲೂಪಸ್‌ನಿಂದ ಮೂತ್ರಪಿಂಡ ಕೆಟ್ಟವರು, ಟೈಪ್ 1 ಮಧುಮೇಹಿಗಳು ಡಾಪಾ-ಸಿಕೆಡಿಯಲ್ಲಿ ಇರಲೇ ಇಲ್ಲ. ಹತ್ತೊಂಬತ್ತರಲ್ಲಿ ಒಬ್ಬರೆಂಬ ಆ ಲೆಕ್ಕ ಅವರನ್ನು ಎಣಿಸಿ ಬಂದದ್ದಲ್ಲ.