ನಲವತ್ತೈದು ದಿನ, ಮೂರು ಮಳೆಗಾಲ

‘ಸರ್ವರ್ ಇಲ್ಲ, ನಾಳೆ ಬನ್ನಿ.’ ಪಡಿತರ ಅಂಗಡಿಯಲ್ಲೋ, ಉಪನೋಂದಣಿ ಕಚೇರಿಯಲ್ಲೋ, ಸಹಕಾರಿ ಸಂಘದ ಕೌಂಟರಿನಲ್ಲೋ ಒಮ್ಮೆಯಾದರೂ ಈ ಮಾತು ಕೇಳಿಸಿಕೊಳ್ಳದವರು ನಮ್ಮ ಉಡುಪಿ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಬೆಂಗಳೂರಿನಲ್ಲೆಲ್ಲೋ ಕುಳಿತಿರುವ ಆ ಸರ್ವರ್ ಎಷ್ಟೋ ಸಲ ತನ್ನ ಪಾಡಿಗೆ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಹಿಂದಿನ ಕೋಣೆಯ ಸ್ವಿಚ್ಚು, ಇಲ್ಲವೇ ಇಲಿ ಕಡಿದ ಕೇಬಲ್ಲು, ಇಲ್ಲವೇ ನಿನ್ನೆ ರಾತ್ರಿಯ ಸಿಡಿಲಿಗೆ ಸುಟ್ಟ ಅಡಾಪ್ಟರು. ಕೌಂಟರಿನಿಂದ ಇಪ್ಪತ್ತು ಅಡಿ ದೂರದಲ್ಲಿರುವ ಆ ದೋಷವನ್ನು ಹುಡುಕಿ ಸರಿಪಡಿಸಬಲ್ಲ ಒಬ್ಬ ಮನುಷ್ಯ ಬೇಕು. ಅವನನ್ನು, ಅವಳನ್ನು, ತಯಾರು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ನೆಟ್ಟಗಿನ ಉತ್ತರವಿಲ್ಲ.

ಶಿಕ್ಷಣಕ್ಕೇನೂ ಬರಗಾಲವಿರುವ ಊರಲ್ಲ ಇದು. ಮಣಿಪಾಲದಲ್ಲಿ 1953ಕ್ಕೆ ವೈದ್ಯಕೀಯ ಕಾಲೇಜು, 1957ಕ್ಕೆ ಇಂಜಿನಿಯರಿಂಗ್ ಕಾಲೇಜು ಬಂತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ, ಕಾಪು ಕಡೆಯ ಬಂಟಕಲ್ಲಿನಲ್ಲಿ 2010ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಶುರುವಾದವು. ಉಡುಪಿಯಲ್ಲೇ ಹುಟ್ಟಿ ಹೆಸರು ಮಾಡಿದ ರೋಬೊಸಾಫ್ಟ್ ಕಂಪೆನಿಗೆ ಈಗ ಮೂವತ್ತು ವರ್ಷದ ಹತ್ತಿರದ ವಯಸ್ಸು. ಹೀಗಿದ್ದೂ ಬಜಗೋಳಿಯ ಸೊಸೈಟಿಯಲ್ಲೋ ಶಿರ್ವದ ಶಾಲೆಯಲ್ಲೋ ಇಂಟರ್‌ನೆಟ್ ಹೋದರೆ, ಬರುವವನಿಗಾಗಿ ಮೂರು ದಿನ ಕಾಯಬೇಕಾಗುತ್ತದೆ. ಕಂಪ್ಯೂಟರ್ ವಿಜ್ಞಾನ ಕಲಿತವರು ಮನೆಮನೆಯಲ್ಲಿದ್ದಾರೆ. ಆದರೆ ಕಲಿತವರು ಬೆಂಗಳೂರಿನಲ್ಲಿದ್ದಾರೆ, ಅಥವಾ ದುಬೈಯಲ್ಲಿ. ಊರಿನಲ್ಲಿದ್ದರೂ ಏಣಿ ಹತ್ತುವುದು ಅವರ ಕೆಲಸವಲ್ಲ. ಅದನ್ನು ಅವರಿಗೆ ಕಲಿಸಿಯೂ ಇಲ್ಲ.

ಈ ಕೆಲಸಕ್ಕೆಂದೇ ಇರುವ ತರಬೇತಿಯನ್ನು ನೋಡೋಣ. ಐಟಿಐಯಲ್ಲಿ ‘ಕೋಪಾ’ ಎಂಬ ಒಂದು ವರ್ಷದ ಕೋರ್ಸಿದೆ. ಅದು ಕಂಪ್ಯೂಟರ್ ನಡೆಸುವವರನ್ನು ತಯಾರು ಮಾಡುವ ಕೋರ್ಸು. ಕಚೇರಿ ತಂತ್ರಾಂಶ, ವೆಬ್ ಪುಟ, ದತ್ತಾಂಶ, ಒಂದಿಷ್ಟು ಪ್ರೋಗ್ರಾಮಿಂಗ್ ಎಲ್ಲ ಇದ್ದು, ನೆಟ್‌ವರ್ಕಿನ ಪಾಲಿಗೆ ಅದರಲ್ಲೊಂದು ಮೂಲೆ ಸಿಗುತ್ತದೆ. ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಟ್ರೇಡ್ ಬೇರೆಯೇ ಇದ್ದರೂ, ‘ಕಂಪ್ಯೂಟರ್ ಐಟಿಐ’ ಅಂದಾಗ ನಮ್ಮ ಮಂದಿಗೆ ನೆನಪಾಗುವುದು ಕೋಪಾವೇ. ಎಸ್ಸೆಸ್ಸೆಲ್ಸಿ ಮೇಲಿನ ಮೂರು ವರ್ಷದ ಡಿಪ್ಲೊಮಾದ ಕಥೆ ಇನ್ನೊಂದು. ತಂತ್ರಜ್ಞರನ್ನು ಕೊಡಬೇಕಾಗಿದ್ದ ಪಾಲಿಟೆಕ್ನಿಕ್, ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಹತ್ತಿಸುವ ಒಳದಾರಿಯಾಗಿದೆ. ವಿದ್ಯಾರ್ಥಿಯ ಲೆಕ್ಕದಲ್ಲಿ ಅದು ತಪ್ಪೇನಲ್ಲ. ಮದುವೆ ಮನೆಯಲ್ಲಿ ‘ಮಗ ಏನು ಮಾಡುತ್ತಾನೆ’ ಎಂದು ಕೇಳಿದಾಗ ‘ಬಿಇ’ ಎನ್ನುವ ದನಿಗೂ ‘ಕಂಪ್ಯೂಟರ್ ರಿಪೇರಿ’ ಎನ್ನುವ ದನಿಗೂ ಇರುವ ವ್ಯತ್ಯಾಸ ಹದಿನೆಂಟು ವರ್ಷದ ಹುಡುಗನಿಗೆ ಚೆನ್ನಾಗಿ ಗೊತ್ತು.

ಉಳಿದದ್ದು ಕಿರು ಅವಧಿಯ ತರಬೇತಿ. ಇದರಲ್ಲಿ ಕರಾವಳಿ ದೇಶಕ್ಕೇ ಮಾದರಿ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರುವಾಯಿತು. ಮುಂದೆ ಕೇಂದ್ರ ಸರಕಾರ ಅದನ್ನೇ ಅಚ್ಚಾಗಿಟ್ಟುಕೊಂಡು ಜಿಲ್ಲೆಗೊಂದರಂತೆ ಆರ್‌ಸೆಟಿ ಎಂಬ ಇಂಥದೇ ಸಂಸ್ಥೆಗಳನ್ನು ತೆರೆಯಿಸಿತು. ನಮ್ಮ ಬ್ರಹ್ಮಾವರದಲ್ಲೂ ರುಡ್‌ಸೆಟ್ ಇದೆ. ಊಟ ವಸತಿ ಕೊಟ್ಟು, ಫೀಸಿಲ್ಲದೆ ಕಲಿಸುವ ಈ ವ್ಯವಸ್ಥೆಯಲ್ಲಿ ಮೊಬೈಲ್ ದುರಸ್ತಿಗೆ 30 ದಿನ, ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್‌ಗೆ 45 ದಿನ. ಇದನ್ನು ಹಗುರವಾಗಿ ಮಾತಾಡುವುದು ಅನ್ಯಾಯ. ಸ್ವಂತ ಅಂಗಡಿ ಇಡುವ ಧೈರ್ಯ, ಬ್ಯಾಂಕಿನ ಮ್ಯಾನೇಜರರ ಎದುರು ಕುಳಿತು ಸಾಲ ಕೇಳುವ ರೀತಿ, ಲೆಕ್ಕ ಇಡುವ ಶಿಸ್ತು ಇವನ್ನು ಅಲ್ಲಿ ಕಲಿತು ಬದುಕು ಕಟ್ಟಿಕೊಂಡವರಿದ್ದಾರೆ. ಅದರ ಗುರಿಯೇ ಸ್ವಉದ್ಯೋಗ. ಕೈಕೆಲಸ ಅರೆಬರೆ ಗೊತ್ತಿರುವವನಿಗೆ ಅದು ದೊಡ್ಡ ಬಲ. ಏನೂ ಗೊತ್ತಿಲ್ಲದವನನ್ನು ನಲವತ್ತೈದು ದಿನದಲ್ಲಿ ನೆಟ್‌ವರ್ಕ್ ತಂತ್ರಜ್ಞನನ್ನಾಗಿ ಮಾಡು ಎನ್ನುವುದು ಅದರ ಮೇಲೆ ನಾವು ಹೊರಿಸಿದ ಹೊರೆ.

ಯಾಕೆ ಸಾಲದು? ಕಾಪು ಪಡುವಿನ ಒಂದು ಮನೆ ಎಂದಿಟ್ಟುಕೊಳ್ಳಿ. ಮಳೆ ಬಂದ ಮಾರನೆಯ ದಿನ ಫೈಬರ್ ಇಂಟರ್‌ನೆಟ್ ಹೋಗುತ್ತದೆ, ಎರಡು ಬಿಸಿಲು ಬಿದ್ದರೆ ತಾನೇ ಬರುತ್ತದೆ. ಹೊಸ ಹುಡುಗ ಬಂದವನೇ ಮೋಡೆಮ್ ಆರಿಸಿ ಹಾಕುತ್ತಾನೆ, ರೀಸೆಟ್ ಮಾಡುತ್ತಾನೆ, ಕಡೆಗೆ ‘ಬಾಕ್ಸ್ ಹೋಗಿದೆ, ಹೊಸತು ಹಾಕಬೇಕು’ ಎನ್ನುತ್ತಾನೆ. ಹೊಸ ಬಾಕ್ಸ್ ಹಾಕಿದ ದಿನ ಬಿಸಿಲಿದ್ದರೆ ಅವನು ಗೆದ್ದ, ಮುಂದಿನ ಮಳೆಯವರೆಗೆ. ಅನುಭವಿ ಮೊದಲು ಮನೆಯಾಕೆಯ ಹತ್ತಿರ ಯಾವಾಗ ಯಾವಾಗ ಹೋಗುತ್ತದೆ ಎಂದು ಕೇಳುತ್ತಾನೆ. ಬೆಳಕು ಅಳೆಯುವ ಮೀಟರನ್ನು ತಂತಿಯ ತುದಿಗೆ ಹಿಡಿದು ನೋಡಿದರೆ ಮೈನಸ್ 30. ಇರಬೇಕಾದದ್ದು ಮೈನಸ್ 20ರ ಆಚೀಚೆ; ಮೈನಸ್ 27ರ ಕೆಳಗೆ ಹೋದರೆ ಬಾಕ್ಸಿಗೆ ಬೆಳಕೇ ಕಾಣದು. ಕಂಬದ ಹತ್ತಿರದ ಜಾಯಿಂಟ್ ಬಾಕ್ಸ್ ಬಿಚ್ಚಿದರೆ ಒಳಗೆ ನೀರು, ಜೊತೆಗೆ ಇರುವೆಗಳ ಸಂಸಾರ. ಒರೆಸಿ, ಜಾಯಿಂಟನ್ನು ಕತ್ತರಿಸಿ ಹೊಸದಾಗಿ ಬೆಸೆದ ಮೇಲೆ ಮೀಟರ್ ಮೈನಸ್ 21 ತೋರಿಸುತ್ತದೆ. ಪ್ರತಿ ಮೂರು ಡೆಸಿಬಲ್‌ಗೆ ಬೆಳಕು ಅರ್ಧವಾಗುತ್ತದೆ ಎಂಬ ಲೆಕ್ಕ ಗೊತ್ತಿದ್ದವನಿಗೆ, ಈ ಒಂಬತ್ತರ ವ್ಯತ್ಯಾಸವೆಂದರೆ ಬರಬೇಕಾದ ಬೆಳಕಿನಲ್ಲಿ ಎಂಟನೇ ಒಂದು ಪಾಲು ಮಾತ್ರ ಬರುತ್ತಿತ್ತು ಎಂದು ತಿಳಿಯುತ್ತದೆ.

ಜಾಯಿಂಟ್ ಬೆಸೆಯುವುದನ್ನು ನಲವತ್ತೈದು ದಿನದಲ್ಲಿ ಕಲಿಸಬಹುದು. ಎಂಟು ಬಣ್ಣದ ತಂತಿಗಳನ್ನು ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ ಎಂದು ಜೋಡಿಸಿ ಕ್ರಿಂಪ್ ಮಾಡುವುದನ್ನು ಎರಡು ದಿನದಲ್ಲಿ ಕಲಿಸಬಹುದು. ಮಳೆಗೂ ಮೋಡೆಮಿಗೂ ಇರುವ ಸಂಬಂಧ ಮಾತ್ರ ಮಳೆಗಾಲದಲ್ಲೇ ತಿಳಿಯಬೇಕು. ನಮ್ಮ ಊರಿನ ದೋಷಗಳಿಗೆ ಒಂದು ಪಂಚಾಂಗವಿದೆ. ಏಪ್ರಿಲ್ ಮೇಯಲ್ಲಿ ಸಿಡಿಲು. ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ಕೈಕೊಡುವುದೂ ಆಗಲೇ. ಪ್ಲಗ್ ಕಿತ್ತಿಟ್ಟು ನೆಟ್‌ವರ್ಕ್ ಕೇಬಲ್ಲನ್ನು ಹಾಗೆಯೇ ಬಿಟ್ಟರೆ ಸಿಡಿಲು ಆ ದಾರಿಯಿಂದ ಬರುತ್ತದೆ. ಫೈಬರಿನ ಗಾಜಿನಲ್ಲಿ ವಿದ್ಯುತ್ ಹರಿಯದಿದ್ದರೂ ಅದನ್ನು ಹೊತ್ತ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಜೂನ್‌ನಿಂದ ಗಾಳಿಗೆ ಬೀಳುವ ತೆಂಗಿನ ಮಡಲು, ಕಾರ್ಕಳ ಕಡೆ ಅಡಿಕೆ ತೋಟಗಳ ನಡುವೆ ಜೋತಾಡುವ ಕೇಬಲ್ಲು. ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಕಿಲುಬು ಹಿಡಿಯುವ ಪಿನ್ನುಗಳು. ಮಳೆ ನಿಂತ ಮೇಲೆ ರಸ್ತೆ ಕಾಮಗಾರಿ, ಜೆಸಿಬಿ. ಇವನ್ನೆಲ್ಲ ಒಂದು ಸುತ್ತು ನೋಡಲು ಒಂದು ವರ್ಷ ಬೇಕು. ಎರಡನೇ ವರ್ಷ ಗುರುತು ಹತ್ತುತ್ತದೆ. ಮೂರನೇ ವರ್ಷಕ್ಕೆ ಫೋನಿನಲ್ಲೇ ಅರ್ಧ ಉತ್ತರ ಹೊಳೆಯುತ್ತದೆ.

ಹಾಗಾದರೆ ಕೋರ್ಸೇ ಬೇಡ, ನೇರ ಅಂಗಡಿಗೆ ಕಳಿಸಿ ಎನ್ನುವವರಿದ್ದಾರೆ. ಅದೂ ಅರ್ಧ ಸತ್ಯವೇ. ಮಣಿಪಾಲದ ಒಂದು ಪಿಜಿಯಲ್ಲಿ ಅರ್ಧ ಜನರಿಗೆ ಇಂಟರ್‌ನೆಟ್ ಸಿಗುತ್ತದೆ, ಇನ್ನರ್ಧಕ್ಕಿಲ್ಲ ಎಂದುಕೊಳ್ಳಿ. ಯಾರೋ ವಿದ್ಯಾರ್ಥಿ ತನ್ನ ಸ್ವಂತ ವೈಫೈ ರೂಟರನ್ನು ಗೋಡೆಯ ಸಾಕೆಟಿಗೆ ಸಿಕ್ಕಿಸಿದ್ದಾನೆ. ಈಗ ಒಂದೇ ಜಾಲದಲ್ಲಿ ಎರಡು ರೂಟರುಗಳು ಪೈಪೋಟಿಗೆ ಬಿದ್ದು ವಿಳಾಸ ಹಂಚುತ್ತಿವೆ. ಜಾಲದಲ್ಲಿ ವಿಳಾಸ ಅಂದರೇನು, ಅದನ್ನು ಯಾರು ಕೊಡುತ್ತಾರೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಅಂಗಡಿಯಲ್ಲಷ್ಟೇ ಬೆಳೆದ ಹುಡುಗ ಇಲ್ಲಿ ಕೇಬಲ್ಲನ್ನೂ ಸ್ವಿಚ್ಚನ್ನೂ ಒಂದಾದ ಮೇಲೊಂದು ಬದಲಿಸುತ್ತ ಹೋಗುತ್ತಾನೆ. ಹತ್ತು ನಿಮಿಷದ ಪಾಠ ಕೇಳಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಜೊತೆಗೆ, ಅಂಗಡಿ ಕಲಿಸುತ್ತದೆ ಎನ್ನುವುದು ಅಂಗಡಿಯ ಯಜಮಾನನ ಮರ್ಜಿಯ ಮಾತು. ಒಳ್ಳೆಯವನಾದರೆ ‘ಸುರುಟು ಕರೆಂಟ್ ಉಂಡಾ ತೂಲ’, ಮೊದಲು ಕರೆಂಟ್ ಇದೆಯಾ ನೋಡು, ಎಂಬಲ್ಲಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಹತ್ತಿಸುತ್ತಾನೆ. ಇಲ್ಲದಿದ್ದರೆ ಎರಡು ವರ್ಷ ಚಹಾ ತರಿಸಿ, ಕಂಪ್ಯೂಟರ್ ಹೊರಿಸಿ, ಕಡೆಗೆ ಒಂದು ಸಾಕ್ಷಿಪತ್ರವೂ ಇಲ್ಲದೆ ಕಳಿಸುತ್ತಾನೆ.

ಪಾಠವೂ ಬೇಕು, ಪಳಗುವುದೂ ಬೇಕು, ಎರಡೂ ಒಂದೇ ಕಾಲಕ್ಕೆ ಬೇಕು. ನಮ್ಮ ಹಿರಿಯರಿಗೆ ಇದು ಹೊಸ ಯೋಚನೆಯೇನಲ್ಲ. ಮುಂಬಯಿಗೆ ಹೋದ ಕರಾವಳಿಯ ಹುಡುಗರು ಹಗಲು ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದರು. ಮೊಗವೀರ ಸಮಾಜದಂಥ ಸಂಘಟನೆಗಳೇ ಆ ಶಾಲೆಗಳನ್ನು ನಡೆಸಿದವು. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಕಾರ್ಕಳದ ಮಿಯಾರಿಗೆ ಹೋಗಬೇಕು. ಅಲ್ಲಿ ಕೆನರಾ ಬ್ಯಾಂಕಿನ ನೆರವಿನ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಶಿಲ್ಪ ಕಲಿಯುವ ಹುಡುಗರು ಒಂದೂವರೆ ವರ್ಷ ಅಲ್ಲೇ ಉಳಿದು ಉಳಿ ಹಿಡಿಯುತ್ತಾರೆ. ಕಲ್ಲಿನ ಮೇಲೆ ನಲವತ್ತೈದು ದಿನದಲ್ಲಿ ಕೈ ಕೂರುವುದಿಲ್ಲ ಎಂದರೆ ಎಲ್ಲರೂ ಒಪ್ಪುತ್ತಾರೆ. ತಂತಿಯ ವಿಷಯಕ್ಕೆ ಬಂದಾಗ ಮಾತ್ರ, ಕಂಪ್ಯೂಟರ್ ಅಲ್ಲವೇ, ಅದೆಲ್ಲ ಬೇಗ ಬರುತ್ತದೆ ಎಂಬ ಉದಾಸೀನ.

ಜರ್ಮನಿಯಲ್ಲಿ 1997ರಲ್ಲಿ ಮಾಹಿತಿ ತಂತ್ರಜ್ಞಾನದ ಕೆಲಸಗಳಿಗೆಂದೇ ಹೊಸ ವೃತ್ತಿ ತರಬೇತಿಗಳನ್ನು ರೂಪಿಸಿದರು. ಮೂರು ವರ್ಷ, ವಾರದ ಹೆಚ್ಚಿನ ದಿನ ಕಂಪೆನಿಯಲ್ಲಿ ಕೆಲಸ, ಒಂದೆರಡು ದಿನ ಶಾಲೆ, ಮೊದಲ ತಿಂಗಳಿಂದಲೇ ಭತ್ಯೆ, ಕೊನೆಗೆ ವಾಣಿಜ್ಯ ಮಂಡಳಿಯ ಪರೀಕ್ಷೆ. ಅದನ್ನು ಹಾಗೆಯೇ ತಂದು ಕಾಪುವಿನಲ್ಲಿ ನೆಡಲು ಬರುವುದಿಲ್ಲ. ಅಲ್ಲಿ ಕಲಿಸುವುದು ಕಂಪೆನಿ. ಇಲ್ಲಿ ಕಂಪೆನಿ ಎಲ್ಲಿದೆ? ಯಜಮಾನ ಮತ್ತು ಒಬ್ಬ ಹುಡುಗ, ಹೆಚ್ಚೆಂದರೆ ಇನ್ನೊಬ್ಬ. ನಮ್ಮ ಪೇಟೆಯ ಕಂಪ್ಯೂಟರ್ ಅಂಗಡಿ ಎಂದರೆ ಇಷ್ಟೇ. ಕೇಬಲ್ ಟಿವಿಯಿಂದ ಇಂಟರ್‌ನೆಟ್ಟಿಗೆ ಬಂದ ಆಪರೇಟರುಗಳದ್ದೂ ಇದೇ ಅಳತೆ.

ನಮ್ಮ ಕಾನೂನು ಮುಗ್ಗರಿಸುವುದೂ ಇಲ್ಲಿಯೇ. 1961ರ ಅಪ್ರೆಂಟಿಸ್ ಕಾಯಿದೆಯ ನಿಯಮಗಳನ್ನು 2019ರಲ್ಲಿ ತಿದ್ದಿದಾಗ, 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು, 4ರಿಂದ 29 ಮಂದಿ ಇದ್ದರೆ ಇಷ್ಟವಿದ್ದರೆ ತೆಗೆದುಕೊಳ್ಳಬಹುದು ಎಂದಾಯಿತು. ತಿಂಗಳ ಭತ್ಯೆ ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿ ಎಂದು ಆಗ ನಿಗದಿಯಾಯಿತು. ನಾಲ್ಕಕ್ಕಿಂತ ಕಡಿಮೆ ಜನರಿರುವ ಅಂಗಡಿ ಈ ಲೆಕ್ಕದಲ್ಲೇ ಇಲ್ಲ. ನಿಜವಾಗಿ ಕೆಲಸ ಕಲಿಯಬಹುದಾದ ಜಾಗಕ್ಕೆ ಕಾನೂನಿನ ಕಣ್ಣಿಲ್ಲ. ಆದರೆ ಅದೇ ಕಾಯಿದೆಯಲ್ಲಿ ಹಲವು ಮಾಲಕರು ಒಟ್ಟುಗೂಡಿ, ಅಪ್ರೆಂಟಿಸರನ್ನು ಒಬ್ಬರಿಂದ ಇನ್ನೊಬ್ಬರಲ್ಲಿಗೆ ಕಳಿಸುತ್ತ ಕಲಿಸಬಹುದು ಎಂಬ ಅವಕಾಶವೂ ಇದೆ. ಸಣ್ಣ ಅಂಗಡಿಗಳಿಗೂ ಇದನ್ನು ವಿಸ್ತರಿಸಿ, ಒಪ್ಪಂದವನ್ನು ಒಂದು ಐಟಿಐ ಅಥವಾ ಪಾಲಿಟೆಕ್ನಿಕ್ ತನ್ನ ಹೆಸರಿನಲ್ಲಿ ಇಟ್ಟುಕೊಂಡರೆ ಹೇಗಿರುತ್ತದೆ? ಹುಡುಗ ಮಳೆಗಾಲವನ್ನು ಕಾರ್ಕಳದ ಕೇಬಲ್ ಆಪರೇಟರ್ ಜೊತೆ ಕಳೆಯಲಿ. ಮುಂದಿನ ಆರು ತಿಂಗಳು ಉಡುಪಿಯ ಅಂಗಡಿಯ ಮೇಜಿನಲ್ಲಿ ಬೋರ್ಡ್ ಬಿಚ್ಚಲಿ. ಆಮೇಲೆ ಮಣಿಪಾಲ, ನಿಟ್ಟೆ, ಬಂಟಕಲ್ಲಿನಂಥ ಕ್ಯಾಂಪಸ್ಸಿನ ದೊಡ್ಡ ಜಾಲ ಹೇಗೆ ನಡೆಯುತ್ತದೆ ನೋಡಲಿ. ವಾರಕ್ಕೆ ಒಂದೂವರೆ ದಿನ ತರಗತಿ, ಅರ್ಥವಾಗುವ ಭಾಷೆಯಲ್ಲಿ. ಪರೀಕ್ಷೆಗೆ ಪ್ರಶ್ನೆಪತ್ರಿಕೆಯ ಬದಲು, ಕೆಡಿಸಿಟ್ಟ ಒಂದು ಜಾಲ ಮತ್ತು ಎರಡು ಗಂಟೆ.

ರಾಜ್ಯ ಸರಕಾರ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. ಸಾವಿರಾರು ಕೋಟಿ ರೂಪಾಯಿಯ ಯೋಜನೆ. ರೋಬೊಟ್ಟು, ಹೊಸ ಯಂತ್ರ ಎಲ್ಲ ಬಂದವು, ಬರಲಿ. ಆದರೆ ಯಂತ್ರ ಕೊಳ್ಳುವುದು ಸುಲಭ, ಐದು ಅಂಗಡಿಯವರನ್ನು ಒಂದು ಮೇಜಿನ ಸುತ್ತ ಕೂರಿಸುವುದು ಕಷ್ಟ. ‘ನಾನು ಕಲಿಸಿದ ಹುಡುಗ ಎದುರೇ ಅಂಗಡಿ ಹಾಕಿದರೆ?’ ಎಂಬ ಅವರ ಭಯ ಸುಳ್ಳೂ ಅಲ್ಲ. ಕಲಿಸುವ ಯಜಮಾನನಿಗೂ ತಿಂಗಳಿಗಿಷ್ಟು ಎಂದು ಸಂಭಾವನೆ ಕೊಡುವುದೊಂದೇ ಅದಕ್ಕೆ ನನಗೆ ಕಾಣುವ ಉಪಾಯ.

ಎಲ್ಲ ಮೊಬೈಲಿಗೂ ಕ್ಲೌಡಿಗೂ ಹೋಗುತ್ತಿರುವಾಗ ಈ ವೃತ್ತಿ ಉಳಿಯುತ್ತದೆಯೇ ಎಂದು ಕೇಳಬಹುದು. ಬಿಚ್ಚಿ ರಿಪೇರಿ ಮಾಡುವ ಕೆಲಸ ಕಡಿಮೆಯಾಗುತ್ತಿದೆ, ಹೌದು. ಮೆಮೊರಿಯನ್ನು ಬೋರ್ಡಿಗೇ ಬೆಸೆದ ಲ್ಯಾಪ್‌ಟಾಪಿನಲ್ಲಿ ಬದಲಿಸಲು ಏನಿದೆ? ಆದರೆ ಕ್ಲೌಡಿಗೆ ಹೋಗುವ ದಾರಿಯೇ ತಂತಿ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ದೇವಸ್ಥಾನಕ್ಕೂ ಮೀನು ಮಾರುಕಟ್ಟೆಗೂ ಸಿಸಿ ಕ್ಯಾಮೆರಾ ಬಂತು. ಲೆಡ್ಜರ್ ಪುಸ್ತಕ ಅಟ್ಟ ಸೇರಿದ ಮೇಲೆ ಜಾಲ ನಿಂತರೆ ಕೆಲಸವೂ ನಿಲ್ಲುತ್ತದೆ.

ಹುಡುಗಿಯರ ಮಾತನ್ನು ಹೆಚ್ಚಿನವರು ಎತ್ತುವುದೇ ಇಲ್ಲ. ಕಂಪ್ಯೂಟರ್ ತರಗತಿಯಲ್ಲಿ ಚೆನ್ನಾಗಿ ಅಂಕ ತೆಗೆದವಳನ್ನು ಅಂಗಡಿಯಲ್ಲಿ ಬಿಲ್ಲಿಂಗಿಗೆ ಕೂರಿಸುತ್ತಾರೆ. ಕಂಬ ಹತ್ತುವುದೊಂದೇ ಈ ವೃತ್ತಿಯೆಂಬ ಕಲ್ಪನೆಯೇ ತಪ್ಪು. ಜಾಲದ ಮೇಲೆ ಕಣ್ಣಿಡುವುದು, ಆಸ್ಪತ್ರೆ ಕ್ಯಾಂಪಸ್ಸುಗಳ ಒಳಗಿನ ಕೆಲಸ, ಮೇಜಿನ ಮೇಲಿನ ದುರಸ್ತಿ ಇವೆಲ್ಲ ಇವೆ. ಇನ್ನು ಕಂಬ ಹತ್ತುವುದಕ್ಕೂ ಸರಿಯಾದ ಏಣಿ, ಸೊಂಟದ ಪಟ್ಟಿ ಬೇಕು. ಅದು ಗಂಡುಮಕ್ಕಳಿಗೂ ಸಿಗುತ್ತಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ, ಅದು ಗಿರಾಕಿಯ ಕಡೆಯದ್ದು, ಅಂದರೆ ನಮ್ಮದು. ಕಂಬದ ಜಾಯಿಂಟಿನಲ್ಲಿ ದೋಷ ಹುಡುಕಿದವನು ಮುನ್ನೂರು ರೂಪಾಯಿ ಕೇಳಿದರೆ ‘ಏನೂ ಹೊಸತು ಹಾಕಿಲ್ಲವಲ್ಲ?’ ಎನ್ನುತ್ತೇವೆ. ಬೇಡದ ಬಾಕ್ಸನ್ನು ಬದಲಿಸಿದವನಿಗೆ ಎರಡು ಸಾವಿರವನ್ನು ಮರುಮಾತಿಲ್ಲದೆ ಕೊಡುತ್ತೇವೆ. ಬಿಡಿಭಾಗಕ್ಕೆ ದುಡ್ಡು, ಬುದ್ಧಿಗಿಲ್ಲ ಎಂಬುದು ಬಿಲ್ಲಿನಲ್ಲೇ ಬರೆದಿರುವಾಗ, ಮೂರು ಮಳೆಗಾಲ ಕಲಿತು ಬಂದವನೂ ನಾಲ್ಕನೆಯದಕ್ಕೆ ಬಾಕ್ಸ್ ಮಾರುವವನಾಗುತ್ತಾನೆ. ಸೊಸೈಟಿಗಳು, ಶಾಲೆಗಳು, ಪಂಚಾಯಿತಿಗಳು ತಮ್ಮ ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ತಪಾಸಣೆಗೆಂದು ಪ್ರತ್ಯೇಕ ದರ ಹಾಕಿ, ಏನೂ ಬದಲಿಸದೆ ಸರಿ ಮಾಡಿದ ದಿನವೂ ಅದನ್ನು ಕೊಡುವುದಾದರೆ, ಅಂಗಡಿಯವನಿಗೆ ಒಳ್ಳೆಯ ಹುಡುಗನನ್ನು ತಯಾರು ಮಾಡುವುದರಲ್ಲಿ ಲಾಭ ಕಾಣತೊಡಗುತ್ತದೆ.