ಕಾಳಿಗುಂಟು ಪರೀಕ್ಷೆ, ಆಳಿಗಿಲ್ಲ

ಔರಾದ, ಭಾಲ್ಕಿ ಸೀಮೆಯ ತೊಗರಿ ಬೀದರಿನ ಗಾಂಧಿ ಗಂಜಿಗೆ ಬಂದಿಳಿದೊಡನೆ ಪರೀಕ್ಷೆಗೆ ಒಳಗಾಗುತ್ತದೆ. ಕಾಳಿನ ತೇವಾಂಶ ನೋಡುತ್ತಾರೆ, ಕಸಕಡ್ಡಿ ನೋಡುತ್ತಾರೆ, ತೂಕ ಬರೆದುಕೊಳ್ಳುತ್ತಾರೆ. ಆ ಬೆಳೆಗೆ ‘ಔಷಧ’ ಹೊಡೆದ ಕೂಲಿಯಾಳಿನ ರಕ್ತ ಹೇಗಿದೆಯೆಂಬುದು ಗಂಜಿನ ಯಾವ ವಹಿಯಲ್ಲೂ ಬರುವುದಿಲ್ಲ. (ವಿಷಕ್ಕೆ ಔಷಧವೆಂದು ಹೆಸರಿಟ್ಟ ಮೇಲೆ ಹೆದರಿಕೆಯಾದರೂ ಹೇಗೆ ಹುಟ್ಟೀತು?)

ಹೂ ಬಿಡುವ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದಿರುತ್ತದೆ. ಕಾಯಿಕೊರಕವನ್ನು ಕೊಲ್ಲಲೆಂದು ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನೊಳಗೆ ನುಗ್ಗಿದವನ ಮುಖ, ಕತ್ತು, ಎದೆಯ ಮೇಲೆಯೇ ತುಂತುರು ಬೀಳುತ್ತದೆ. ಮೂಗಿಗೆ ಕಟ್ಟಿದ ವಸ್ತ್ರ ನೆನೆದು ವಿಷವನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ನೀರು ಹೊತ್ತು ತರುವ, ಮರುದಿನ ಅದೇ ಹೊಲಕ್ಕೆ ಇಳಿಯುವ ಹೆಂಗಸರನ್ನಂತೂ ಯಾರೂ ಸಿಂಪಡಣೆಯ ಆಳುಗಳೆಂದು ಎಣಿಸುವುದೇ ಇಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ಮಂದಿ ಸತ್ತರು. ಆ ವರ್ಷ ಅಲ್ಲಿನ ಹತ್ತಿಯೂ ಆಳೆತ್ತರ ಬೆಳೆದಿತ್ತು.

ಆರ್ಗನೋಫಾಸ್ಫೇಟ್ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕುಗ್ಗಿಸುತ್ತವೆ. ವಾಂತಿ, ತಲೆಸುತ್ತು ಕಾಣಿಸುವ ಮೊದಲೇ ರಕ್ತಪರೀಕ್ಷೆಯಲ್ಲಿ ಇದು ತಿಳಿಯಬಹುದು. ಕಿಣ್ವದ ಮಟ್ಟ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾದ್ದರಿಂದ ಸಿಂಪಡಣೆಗೆ ಮುನ್ನ ಒಮ್ಮೆ, ನಡುವೆ ಮತ್ತೊಮ್ಮೆ ಅಳೆದು ಹೋಲಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಿಂದ ಇಂಥ ವೈದ್ಯಕೀಯ ನಿಗಾ ಕಡ್ಡಾಯವಾಗಿದೆ. ಕೆಂಪು ರಕ್ತಕಣಗಳಲ್ಲಿನ ಕಿಣ್ವ ಮೊದಲಿನ ಮಟ್ಟದ ಶೇ. 70ಕ್ಕೆ ಇಳಿದರೆ ಆಳನ್ನು ಆ ಕೆಲಸದಿಂದ ಬಿಡಿಸಲೇಬೇಕು.

ಈ ನಾಡಿನಲ್ಲಿ ಸಂಶೋಧನೆ ಬರುವುದು ಹೆಣ ಎಣಿಸುವ ಹೊತ್ತಿಗೆ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕ ಎಂಡೋಸಲ್ಫಾನ್ ಸುರಿದ ಮೇಲಷ್ಟೇ, 2001ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆ ಗ್ರಾಮದ ಆರೋಗ್ಯ ಪರೀಕ್ಷಿಸಿದರು.

ಬೀದರಿನಲ್ಲಿ ದನಕರುಗಳಿಗಾಗಿ ವಿಶ್ವವಿದ್ಯಾಲಯವೇ ಇದೆ, ಅದು ಇರಬೇಕಾದದ್ದೇ. ಅಲ್ಲಿನ ವೈದ್ಯಕೀಯ ವಿಜ್ಞಾನ ಸಂಸ್ಥೆ ಭಾಲ್ಕಿ, ಔರಾದ ತಾಲ್ಲೂಕು ಆಸ್ಪತ್ರೆಗಳೊಡನೆ ಸೇರಿ ಕೂಲಿಯವರ ರಕ್ತಪರೀಕ್ಷೆಯನ್ನೂ ಕೈಗೆತ್ತಿಕೊಳ್ಳಲಿ. ರಕ್ತ ಕೊಡಲು ಬಂದವರಿಗೆ ಅಂದಿನ ಕೂಲಿ ಸಲ್ಲಬೇಕು. ಇಲ್ಲವಾದರೆ ಯಾರೂ ಬರಲಾರರು. ಗಂಜಿನಲ್ಲಿ ಸಂಗ್ರಹವಾಗುವ ಮಾರುಕಟ್ಟೆ ಶುಲ್ಕದ ಒಂದು ಪಾಲು ಇದಕ್ಕೆ ಮೀಸಲಾದರೆ ಅನ್ಯಾಯವೇನಿಲ್ಲ. ಮೊದಲ ಪರೀಕ್ಷೆ ಮಾತ್ರ ಮುಂಗಾರಿಗೆ ಮುನ್ನವೇ ನಡೆಯಬೇಕು. ಪಂಪು ಬೆನ್ನೇರಿದ ಮೇಲೆ ತೆಗೆದ ರಕ್ತಕ್ಕೆ ಹೋಲಿಕೆಯ ಆಧಾರವಿರುವುದಿಲ್ಲ.